ನೀರೊಲೆಯಲ್ಲಿ ಹಚ್ಚಿದ ಬೀಡಿ

ಅಮರಾಪುರದ ಕಡೆಯ ನಮ್ಮೂರಿನಿಂದ ಮಡಕಶಿರಾದ ಹೈಸ್ಕೂಲಿಗೆ ಬಸ್ಸಿನಲ್ಲಿ ಹೋಗಿಬರುವ ಮಕ್ಕಳಲ್ಲಿ ನನ್ನ ಮೊಮ್ಮಗನೂ ಒಬ್ಬ. ಅವನ ಅಪ್ಪ, ಅಂದರೆ ನನ್ನ ಮಗ, ವರ್ಷದ ಹೆಚ್ಚು ಕಾಲ ಕುರಿ ಹೊಡೆದುಕೊಂಡು ಊರಾಚೆ ಇರುತ್ತಾನೆ. ಹಾಗಾಗಿ ಶಾಲೆಯ ಪೋಷಕರ ಕಮಿಟಿಗೆ ನಾನೇ ಮೆಂಬರಾದೆ. ಹತ್ತನೇ ಕ್ಲಾಸು ಓದಿದ ಮುದುಕ ಎಂಬುದೊಂದೇ ನನ್ನ ಅರ್ಹತೆ. ಕಮಿಟಿಯಲ್ಲಿ ಮೊದಲು ಮಾತಾಡುವವನೂ ನಾನೇ, ಕೊನೆಗೆ ಮಾತಾಡುವವನೂ ನಾನೇ. ನಡುವೆ ಯಾರಾದರೂ ಮಾತಾಡಿದರೆ ಅದನ್ನು ಸಹಿಸಿಕೊಳ್ಳುತ್ತಿದ್ದೆ.

ಈ ವರ್ಷ ಪಬ್ಲಿಕ್ ಪರೀಕ್ಷೆ ಹತ್ತಿರವಾದಾಗ ಹೆಡ್‌ಮಾಸ್ಟರು ತುರ್ತಾಗಿ ಮೀಟಿಂಗ್ ಕರೆದರು. ಗೇಟಿನ ಬಳಿ ಬೀಡಿ ಮುಗಿಸಿ, ತುಂಡನ್ನು ಚಪ್ಪಲಿಯಿಂದ ಹೊಸಕಿ, ವಿದ್ಯಾಮಂದಿರಕ್ಕೆ ಕೊಡಬೇಕಾದ ಗೌರವ ಕೊಟ್ಟು ಒಳಗೆ ಹೋದೆ. ವಿಷಯ ಇದು: ಹತ್ತನೇ ಕ್ಲಾಸಿನ ಮೂವರು ಹುಡುಗರು ನೀರಿನ ಟ್ಯಾಂಕಿನ ಹಿಂದೆ ಬೀಡಿ ಸೇದುತ್ತಿದ್ದಾಗ ಸಿಕ್ಕಿಬಿದ್ದಿದ್ದರು. ಅವರು ಯಾರೆಂದು ಹೆಡ್‌ಮಾಸ್ಟರು ಇನ್ನೂ ಹೇಳಿರಲಿಲ್ಲ. ಅಷ್ಟರಲ್ಲಿ ನಾನು ಎದ್ದು ನಿಂತಿದ್ದೆ.

"ಟಿ.ಸಿ. ಕೊಟ್ಟು ಕಳಿಸಿ ಸಾರ್. ಒಂದು ಈರುಳ್ಳಿ ಕೊಳೆತ್ರೆ ಮೂಟೆನೇ ಕೊಳೀತದೆ."

ಈಗ ಟಿ.ಸಿ. ಕೊಟ್ಟರೆ ಹುಡುಗರಿಗೆ ಪರೀಕ್ಷೆ ತಪ್ಪುತ್ತದೆ ಎಂಬುದು ನನಗೆ ಗೊತ್ತಿತ್ತು. ಗೊತ್ತಿದ್ದೇ ಹೇಳಿದೆ. ಹೆಡ್‌ಮಾಸ್ಟರು ನನ್ನನ್ನು ಒಂದು ಥರ ನೋಡಿದರು. ಮೆಚ್ಚುಗೆ ಎಂದುಕೊಂಡೆ.

ಡ್ರಿಲ್ ಮೇಷ್ಟ್ರು ವಿವರ ಕೊಟ್ಟರು. "ಇಬ್ರು ಹೊಸಬ್ರು ಸಾರ್, ಕೆಮ್ತಾ ಇದ್ರು. ಮೂರನೆಯವನು ಪಳಗಿದೋನು. ಗಾಳಿಗೆ ಬೆನ್ನು ಕೊಟ್ಟು, ಕಿಡಿ ಅಂಗೈಯೊಳಗೆ ಮರೆ ಮಾಡಿ ಹಿಡ್ಕೊಂಡಿದ್ದ. ಮುದುಕ್ರು ಹಿಡಿಯೋ ಹಂಗೆ."

"ಅಂಥೋನಿಗೆ ಮನೇಲಿ ಹೇಳೋರು ಕೇಳೋರು ಯಾರೂ ಇಲ್ಲ ಅಂತ ಕಾಣ್ತದೆ," ಎಂದೆ.

"ಇದಾರೆ ಯಜಮಾನ್ರೆ," ಎಂದು ಹೆಡ್‌ಮಾಸ್ಟರು ಹುಡುಗರನ್ನು ಒಳಗೆ ಕರೆಸಿದರು. ಮೂರನೆಯವನು ನನ್ನ ಮೊಮ್ಮಗ.

ಕುಳಿತೆ.

ನಮ್ಮ ಕಡೆ ಹಿರಿಯರು ಬೀಡಿ ಹಚ್ಚಲು ಮಕ್ಕಳನ್ನು ಒಲೆಗೆ ಕಳಿಸುವುದುಂಟು. ನಮ್ಮ ಮನೆಯಲ್ಲಿ ಅಡುಗೆಗೆ ಗ್ಯಾಸ್ ಬಂದಿದ್ದರೂ ಸ್ನಾನದ ನೀರು ಕಾಯಿಸಲು ಹಿತ್ತಲಲ್ಲಿ ಒಲೆ ಇದೆ; ಬೆಳಿಗ್ಗೆ ತೊಗರಿ ಕಟ್ಟಿಗೆ ಉರಿಯುತ್ತದೆ. ಬೆಂಕಿಕಡ್ಡಿಯ ಮದ್ದಿನ ವಾಸನೆಗೆ ಬೀಡಿಯ ರುಚಿ ಕೆಡುತ್ತದೆ, ಕೆಂಡದಲ್ಲಿ ಹಚ್ಚಿದರೇ ಬೀಡಿ ಎಂಬುದು ನನ್ನ ಸಿದ್ಧಾಂತ. ಹುಡುಗ ಎರಡನೇ ಕ್ಲಾಸಿನಲ್ಲಿದ್ದಾಗಿನಿಂದ ಆ ಕೆಲಸ ಅವನದು. ಹಿತ್ತಲಿನಿಂದ ಜಗಲಿಗೆ ಬರುವಷ್ಟರಲ್ಲಿ ಬೀಡಿ ಆರುತ್ತಿತ್ತು. "ಬಾಯಲ್ಲಿಟ್ಟು ಒಂದೆರಡು ಸಲ ಎಳೀತಾ ಬಾರ್ಲಾ, ಅಂಗೈ ಅಡ್ಡ ಇಟ್ಕೋ," ಎಂದು ಹೇಳಿಕೊಟ್ಟೆ. ಆರಿಸದೆ ತಂದ ದಿನ ಜಾಣ ಎಂದು ಬೆನ್ನು ತಟ್ಟಿದೆ. ಮಗ್ಗಿ ಒಪ್ಪಿಸಿದಾಗಲೂ ಅಷ್ಟು ಹೊಗಳಿರಲಿಲ್ಲ.

ಸೊಸೆ ರಾಯದುರ್ಗದ ಕಡೆಯವಳು. ಅವಳೊಬ್ಬಳೇ ಅಡ್ಡಿ ಮಾಡಿದ್ದು. "ಮಾವಾರ, ಹಾಲು ಕುಡ್ಯೋ ಬಾಯಾಗ ಬೀಡಿ ಯಾಕ ಇಡಸ್ತೀರಿ? ಕಡ್ಡಿಪೆಟ್ಟಿಗಿ ನಾ ತಂದು ಕೊಡ್ತೀನ್ರಿ."

"ಸೇದು ಅಂದ್ನೇನಮ್ಮ? ಹಚ್ಕೊಂಡು ಬಾ ಅಂದೆ, ಅಷ್ಟೆ."

"ಹೌದ್ರಿ, ಹೊಗಿಗೆ ಆ ವ್ಯತ್ಯಾಸ ಗೊತ್ತಿರತೈತಿ," ಎಂದು ಒಳಗೆ ಹೋದಳು. ಹೆಂಗಸರಿಗೆ ಸೂಕ್ಷ್ಮ ತಿಳಿಯದು ಎಂದುಕೊಂಡೆ.

ಮೀಟಿಂಗಿನಲ್ಲಿ ಹೆಡ್‌ಮಾಸ್ಟರು ಅವನನ್ನು ಕೇಳಿದರು: "ಯಾರೋ ಕಲಿಸಿದ್ದು? ಹೇಳಿದ್ರೆ ಪರೀಕ್ಷೆಗೆ ಕೂರಿಸ್ತೀನಿ. ಇಲ್ಲಾಂದ್ರೆ ನಿಮ್ಮ ತಾತ ಹೇಳಿದಂಗೇ ಆಗ್ಲಿ."

ಹುಡುಗ ನನ್ನ ಕಡೆ ನೋಡಲಿಲ್ಲ. "ಯಾರೂ ಇಲ್ಲ ಸಾರ್. ನಾನೇ ಕಲ್ತೆ."

ಇದನ್ನು ಬರೆಯುವಾಗ ಕೈ ತಡೆಯುತ್ತದೆ, ಆದರೂ ಬರೆಯಬೇಕು. ಅವನು ಪಕ್ಕದ ಹುಡುಗರಲ್ಲಿ ಒಬ್ಬನ ಹೆಸರು ಹೇಳಿಬಿಡಲಿ ಎಂದು ಮನಸ್ಸಿನಲ್ಲಿ ಹಾರೈಸಿದೆ. ಆಗ ಅವನ ಪರೀಕ್ಷೆಯೂ ಉಳಿಯುತ್ತದೆ, ನನ್ನ ಕುರ್ಚಿಯೂ ಉಳಿಯುತ್ತದೆ. ಹೆಡ್‌ಮಾಸ್ಟರು ಟಿ.ಸಿ. ಬರೆಯಲು ಗುಮಾಸ್ತರನ್ನು ಕೂಗಿದರು. ಆಗ ಎದ್ದೆ.

"ಸಾರ್, ಕಲಿಸಿದ್ದು ನಾನು."

"ಹಂಗಾದ್ರೆ ತಾತಂಗೇ ಕೊಡಿ ಟಿ.ಸಿ.," ಎಂದು ಮೆಂಬರೊಬ್ಬ ನಕ್ಕ. ಎಲ್ಲರೂ ನಕ್ಕರು. ನಾನು ಒಲೆ, ಕೆಂಡ, ಅಂಗೈ ಎಲ್ಲ ಹೇಳುತ್ತ ಹೋದಂತೆ ನಗು ನಿಂತಿತು. ಆ ಮೆಂಬರು ದಿನಾ ಸಂಜೆ ಮಗನನ್ನೇ ಬ್ರಾಂದಿ ಅಂಗಡಿಗೆ ಕಳಿಸುವವನು. ಅವನು ಫ್ಯಾನನ್ನು ಬಹಳ ಶ್ರದ್ಧೆಯಿಂದ ನೋಡತೊಡಗಿದ. ಮೊಮ್ಮಗಳ ಕೈಯಲ್ಲಿ ಹೊಗೆಸೊಪ್ಪು ಬೆರೆಸಿ ಎಲೆಅಡಿಕೆ ಕುಟ್ಟಿಸಿಕೊಳ್ಳುವ ಮುದುಕಿ ಸೆರಗು ಸರಿಮಾಡಿಕೊಂಡಳು. ಟಿ.ಸಿ. ಎಂಬ ಮಾತನ್ನು ಆಮೇಲೆ ಯಾರೂ ಎತ್ತಲಿಲ್ಲ. ನಮ್ಮ ಕಮಿಟಿ ಒಮ್ಮತಕ್ಕೆ ಬಂದದ್ದು ಅದೇ ಮೊದಲು.

ಹೆಡ್‌ಮಾಸ್ಟರು ಮೂವರನ್ನೂ ಪರೀಕ್ಷೆಗೆ ಕೂರಿಸಲು ಒಪ್ಪಿದರು. "ಹುಡುಗ್ರು ಬಿಡೋ ಹಾಗೆ ನಾವು ನೋಡ್ಕೋತೀವಿ. ನಿಮ್ಮನ್ನ ಯಾರು ನೋಡ್ಕೋತಾರೆ ಯಜಮಾನ್ರೆ?"

"ಬಿಟ್ಟೆ ಸಾರ್," ಎಂದೆ. ಹುಡುಗನೂ ಹಾಗೇ ಹೇಳಿದ.

ಪರೀಕ್ಷೆ ಮುಗಿದ ಮೇಲೆ ಒಂದು ಸಂಜೆ ಅವನ ಅಂಗಿಯಲ್ಲಿ ವಾಸನೆ ಬಂತು. ಕರೆದು ಕೂರಿಸಿಕೊಂಡೆ.

"ಒಂದೇ ಎಳೆದೆ ತಾತ," ಎಂದ, ನಾನು ಕೇಳುವ ಮೊದಲೇ.

ಬೈಯಲು ಬಾಯಿ ತೆರೆದೆ. ಮಾತು ಬೇರೆಯೇ ಬಂತು. "ನಾನೂ ಮೊನ್ನೆ ಸಂತೇಲಿ ಎಳೆದೆ ಕಣ್ಲಾ. ಒಂದಲ್ಲ."

ಅವನು ನನ್ನನ್ನೇ ದಿಟ್ಟಿಸಿದ. ನಗುತ್ತಾನೆ ಎಂದುಕೊಂಡಿದ್ದೆ, ಅವನ ಮುಖ ಬಾಡಿತು.

"ಸಾರ್ ಮುಂದೆ ಬಿಟ್ಟೆ ಅಂದ್ಯಲ್ಲ ತಾತ. ನೀನು ಬಿಟ್ಟಿದ್ದೀಯ ಅಂತಲೇ ನಾನು ಇಷ್ಟು ದಿನ ತಡ್ಕೊಂಡಿದ್ದೆ."

ಮುಂದಿನ ದಾರಿಯನ್ನೂ ಅವನೇ ಹೇಳಿದ: "ಮುಂದಿನ ಸಂತೆಗೆ ಒಬ್ನೇ ಹೋಗ್ಬೇಡ. ನಾನೂ ಬರ್ತೀನಿ, ನಿನ್ನ ನೋಡ್ಕೋತೀನಿ."

ಹೂಂ ಎಂದೆ.