ಬಾಡಿಗೆ ಮನೆಯ ಮಾಳಿಗೆ

ಹೆಡ್ಡತನದಿಂದ ಮಾಡಿದ ತಪ್ಪುಗಳನ್ನು ನಾನು ಎಂದೋ ಮರೆತಿದ್ದೇನೆ. ಜಾಣತನದಿಂದ ಮಾಡಿದ್ದೊಂದು ಮಾತ್ರ ಪ್ರತಿ ಬೇಸಿಗೆಗೂ ನೆನಪಾಗುತ್ತದೆ.

ಮಹಾಯುದ್ಧ ಸುರುವಾಗುವುದಕ್ಕೆ ಒಂದೆರಡು ವರ್ಷ ಮೊದಲು ನಾನು ಸವಣೂರಿನಲ್ಲಿ ಶಾಲೆಯ ಮಾಸ್ತರನಾಗಿದ್ದೆ. ಗಂಗವ್ವನೆಂಬ ವಿಧವೆಯ ಮನೆಯ ಹಿಂದಿನ ಅರ್ಧದಲ್ಲಿ ನಾನೂ ನನ್ನ ಅವ್ವನೂ ಬಾಡಿಗೆಗಿದ್ದೆವು. ಮುಂದಿನ ಅರ್ಧದಲ್ಲಿ ಆಕೆ. ಎರಡಕ್ಕೂ ಸೂರೆಂದರೆ ಮಣ್ಣಿನ ಮಾಳಿಗೆ. ಬೇಸಿಗೆಯಲ್ಲಿ ತಂಪು, ಚಳಿಯಲ್ಲಿ ಬೆಚ್ಚಗೆ. ಆದರೆ ಅದಕ್ಕೆ ವಯಸ್ಸಾಗಿತ್ತು. ಮಳೆಗಾಲದಲ್ಲಿ ಸೋರುತ್ತಿತ್ತು, ಉಳಿದ ಕಾಲದಲ್ಲಿ ಊಟದ ತಾಟಿಗೆ ಮಣ್ಣು ಉದುರಿಸುತ್ತಿತ್ತು. ವರ್ಷಕ್ಕೊಮ್ಮೆ ಹೊಸ ಮಣ್ಣು ಹಾಕಿ ತುಳಿದರೆ ಸಾಕೆಂದು ಗಂಗವ್ವ. ಕಿತ್ತುಹಾಕಿ ತಗಡು ಹೊದಿಸಬೇಕೆಂದು ನಾನು. ಓದಿದವರ ಮಾತೆಂದು ಆಕೆ ಕಡೆಗೆ ಒಪ್ಪಿದಳು, ನಮ್ಮ ಅರ್ಧಕ್ಕೆ ಮಾತ್ರ.

ನಮ್ಮ ಕಡೆಯ ಹಳೆಯ ಶಾಸನಗಳಲ್ಲಿ ಗುಡಿಗೆ ಭೂಮಿ ಬಿಟ್ಟವರು ಪೂಜೆಗೆಂದಷ್ಟೇ ಅಲ್ಲ, ಒಡೆದದ್ದು ಬಿರಿದದ್ದರ ದುರಸ್ತಿಗೆಂದೂ ಬರೆಸುತ್ತಿದ್ದರು. ಅಂಥದೊಂದು ಶಾಸನ ತೋರಿಸಲು ಆಡೂರಿಗೆ ಹುಡುಗರನ್ನು ಕರೆದುಕೊಂಡು ಹೋಗಿ ಇದನ್ನು ಕೈಬೀಸಿ ವಿವರಿಸಿದವನೂ ನಾನೇ. ಪುರಾಣ ಹೇಳಲಿಕ್ಕೆ, ಬದನೆಕಾಯಿ ತಿನ್ನಲಿಕ್ಕೆ.

ತಗಡು ಹೊದಿಸಿದ ಬೇಸಿಗೆಯಲ್ಲೇ ಅವ್ವ ಲಕ್ವಾ ಹೊಡೆದು ಹಾಸಿಗೆ ಹಿಡಿದಳು. ನಡುಹಗಲಿಗೆ ತಗಡು ರೊಟ್ಟಿಯ ಹಂಚಿನಂತೆ ಕಾಯುತ್ತಿತ್ತು. ಕೆಳಗೆ ಒದ್ದೆ ಚಾದರ ಕಟ್ಟಿದೆ. ಮೇಲೆ ಜೋಳದ ಕಣಿಕೆ ಹರವಿದೆ, ಗಾಳಿ ಹಾರಿಸಿಕೊಂಡು ಹೋಯಿತು. ಅವ್ವನಿಗೆ ನೀರು ನುಂಗುವುದೂ ಕಷ್ಟವಾಯಿತು. ಈ ಬೇಸಿಗೆಯನ್ನು ಆಕೆ ದಾಟಲಾರಳೆಂದು ನನಗೆ ದಿಗಿಲಾಯಿತು. ದಾಟದಿದ್ದರೆ ಅದಕ್ಕೆ ಕಾರಣ ನಾನೇ ಎಂಬುದು ಎದೆಯಲ್ಲಿ ಕೂತುಬಿಟ್ಟಿತ್ತು.

ಒಂದು ಮಧ್ಯಾಹ್ನ ಶಾಲೆಯಿಂದ ಬಂದರೆ ಅವ್ವನ ಮಂಚವೇ ಇಲ್ಲ. ತಗಡಿನ ಕೆಳಗೆ ಗಂಗವ್ವ ಒಬ್ಬಳೇ ಕೂತು ಮೊರದಿಂದ ಗಾಳಿ ಬೀಸಿಕೊಳ್ಳುತ್ತಿದ್ದಳು. ನೆರೆಯವರನ್ನು ಕರೆದು ಅವ್ವನನ್ನು ಮಂಚದ ಸಮೇತ ತನ್ನ ನಡುಮನೆಗೆ, ಮಣ್ಣಿನ ಮಾಳಿಗೆಯ ಕೆಳಗೆ ಸಾಗಿಸಿದ್ದಳು. ಅವ್ವ ಎಷ್ಟೋ ದಿನದ ಮೇಲೆ ನಿದ್ದೆ ಹೋಗಿದ್ದಳು. ನೀವೇಕೆ ಇಲ್ಲಿ ಬೇಯುತ್ತೀರೆಂದು ಗಂಗವ್ವನನ್ನು ಕೇಳಿದೆ.

“ನನ್ನಿಂದ ನಿಮಗ ತ್ರಾಸಾತು ಅಂತ ನಿಮ್ಮವ್ವ ಅಳಾಕ ಹತ್ತಿದ್ರು. ಅದಕ್ಕ, ಮಾಸ್ತರ ಹಾಕ್ಸಿದ ತಗಡಿನ ಮನಿ ನನಗ ಭಾಳ ಸೇರೇತಿ, ಅದಲಾಬದಲಿ ಮಾಡ್ಕೊಳೂಣು ಅಂತ ಹೇಳೇನಿ. ನೀವು ಬಾಯಿ ಬಿಡಬ್ಯಾಡ್ರಿ.”

ಆಕೆಯ ಹಣೆಯಿಂದ ಬೆವರು ಇಳಿಯುತ್ತಿತ್ತು. ‘ನಾನು ಅವತ್ತೇ ಹೇಳಿದ್ದೆ’ ಎಂದು ಒಂದು ಮಾತು ಅಂದಿದ್ದರೆ ನನಗೆ ಹಗುರಾಗುತ್ತಿತ್ತು. ಆಕೆ ಅನ್ನಲಿಲ್ಲ.

ಅವ್ವ ಆ ಬೇಸಿಗೆಯನ್ನು ದಾಟಿದಳು. ಮಳೆಗೆ ಮೊದಲು ಗಂಗವ್ವನ ಮಾಳಿಗೆಗೆ ಬುಟ್ಟಿಯಲ್ಲಿ ಮಣ್ಣು ಹೊತ್ತು, ಹರವಿ, ತುಳಿದವನು ನಾನೇ. ಬೆಳಕಿಂಡಿಯಿಂದ ಕೆಳಗಿನ ಮಾತು ಕೇಳಿಸುತ್ತಿತ್ತು. ಮೇಲೆ ಧಪಧಪ ತುಳಿಯುತ್ತಿರುವವರು ಯಾರೆಂದು ಅವ್ವ ತೊದಲುತ್ತ ಕೇಳಿದಳು.

“ನಿಮ್ಮ ಮಗಾರಿ,” ಅಂದಳು ಗಂಗವ್ವ. “ಈಗ ಸಾಲಿ ಕಲ್ಯಾಕತ್ತಾರ.”