ಸರ್ವರ್‌ಗೆ ಒಡೆದ ಕಾಯಿ

ಕಲಂಗುಟ್‌ನ ಹೋಟೆಲೊಂದು ಗುಜರಿಗೆ ಹಾಕಿದ್ದ ಕಂಪ್ಯೂಟರನ್ನು ತಂದು, ಚಿಂಬಲ್‌ನ ನನ್ನ ಬಾಡಿಗೆ ಖೋಲಿಯಲ್ಲಿ ಸರ್ವರ್ ಮಾಡಿಟ್ಟಿದ್ದೆ. ಫೋನ್ ತುಂಬಿದಾಗ ಓಣಿಯವರೆಲ್ಲ ತಮ್ಮ ಫೋಟೊ, ವಿಡಿಯೋಗಳನ್ನು ಅದರಲ್ಲಿ ತಂದು ಇಡುತ್ತಿದ್ದರು. ಇದ್ದದ್ದು ಒಂದೇ ಡಿಸ್ಕ್. ಎಲ್ಲದರ ಇನ್ನೊಂದು ಪ್ರತಿ ಇಡಲು ಎರಡನೆಯದು ಬೇಕೆಂದು ಗೊತ್ತಿದ್ದೂ ಕೊಂಡಿರಲಿಲ್ಲ. ಸೆಕೆಗೆ ಬಿಸಿಯಾಗುತ್ತದೆಂದು ಕಂಪ್ಯೂಟರ್ ಪೆಟ್ಟಿಗೆಯ ಮುಚ್ಚಳವನ್ನೂ ತೆಗೆದಿಟ್ಟಿದ್ದೆ.

ಆಯುಧ ಪೂಜೆಯ ದಿನ ಪಕ್ಕದ ಖೋಲಿಯ ಸೆಂಟ್ರಿಂಗ್ ಕೆಲಸದವನು ತನ್ನ ಸುತ್ತಿಗೆ, ಗರಗಸಗಳಿಗೆ ಪೂಜೆ ಮುಗಿಸಿ, ನನ್ನಲ್ಲಿಗೂ ಬಂದ. ನಾನು ತಿರುಗಿ ನೋಡುವಷ್ಟರಲ್ಲಿ ಸರ್ವರ್‌ಗೆ ಕುಂಕುಮ ಹಚ್ಚಿ, ಕಾಯಿ ಒಡೆದು, ನೀರನ್ನು ಅದರ ಮೇಲೆ ಹೊಯ್ದುಬಿಟ್ಟಿದ್ದ. ಢಪ್ಪೆಂದು ಕಿಡಿ ಹಾರಿ ಡಿಸ್ಕ್‌ನಿಂದಲೇ ಹೊಗೆ ಎದ್ದಿತು.

ಕೊರಳಪಟ್ಟಿ ಹಿಡಿದು ಅವನನ್ನು ಗೋಡೆಗೆ ಅಪ್ಪಳಿಸಿದೆ. ಅವನು ಕೈ ಎತ್ತಲಿಲ್ಲ. ಅದಕ್ಕೇ ಸಿಟ್ಟು ಇನ್ನೂ ನೆತ್ತಿಗೇರಿತು. ಕೆಳಗೆ ಕೆಡವಿ, ತುಟಿ ಒಡೆಯುವವರೆಗೆ ಗುದ್ದಿದೆ.

"ಮಷೀನಿಗೆ ಯಾರಾರ ನೀರು ಹಾಕ್ತಾರೇನಲೇ, ಮಂಗ್ಯಾ!"

ಅವನು ರಕ್ತ ಒರೆಸಿಕೊಂಡ.

"ತೀರಿಹೋದ ನಮ್ಮವ್ವನ ವಿಡಿಯೋ ಅದರಾಗ ಐತೆಲ್ರಿ ಅಣ್ಣಾರ, ಅದಕ್ಕ ಪೂಜಿ ಮಾಡಿದ್ನಿರಿ," ಎಂದ. "ನೀವು ಇನ್ನೊಂದು ಕಡೆನೂ ಇಟ್ಟಿರತೀರಿ, ಹೌದಿಲ್ರಿ?"

ನನ್ನ ಮುಷ್ಟಿ ಇನ್ನೂ ಬಿಗಿದೇ ಇತ್ತು. ಗುದ್ದು ತಿನ್ನಬೇಕಾದವನು ಅವನಾಗಿರಲಿಲ್ಲ.