ಮರಿಮೀನಿನ ಗೊಬ್ಬರ

ಮೊನ್ನೆ ಪಕ್ಕದ ಮನೆಯವರು ಕೋಳಿಗೆಂದು ತಂದ ಮೀನುಪುಡಿಯ ಮೂಟೆ ಬಿಚ್ಚಿದರು. ನಮ್ಮ ಮನೆಯವರೆಲ್ಲ ಮೂಗು ಮುಚ್ಚಿಕೊಂಡು ಒಳಗೆ ಹೋದರು. ನಾನು ಮಾತ್ರ ಜಗುಲಿಯಲ್ಲೇ ಕುಳಿತೆ. ಆ ವಾಸನೆಗೆ ಕರುವಾಡಿನ ಅತ್ತೆ ನೆನಪಾದಳು...

ಕರುವಾಡು ಎಂದರೆ ಒಣಮೀನು. ಅತ್ತೆ ನಮಗೆ ನೆಂಟಳೇನಲ್ಲ, ಮದರಾಸಿನ ಆಚೆ ಹಿನ್ನೀರಿನ ದಡದಲ್ಲಿದ್ದ ಕುಪ್ಪದವಳು, ಅಂದರೆ ಬೆಸ್ತರ ಹಟ್ಟಿಯವಳು. ಐವತ್ತರ ದಶಕದ ಕೊನೆ, ನಾನಿನ್ನೂ ಲಂಗ ಹಾಕುತ್ತಿದ್ದ ಕಾಲ. ತಿಂಗಳಿಗೊಮ್ಮೆ ಬುಟ್ಟಿ ಹೊತ್ತು ರೈಲಿನಲ್ಲಿ ಬಂಗಾರಪೇಟೆಗೆ ಬಂದಿಳಿಯುತ್ತಿದ್ದಳು. ಉರಿಗಾಂ ಚಿನ್ನದ ಗಣಿಯ ಕೂಲಿಯವರ ಲೈನು ಮನೆಗಳಲ್ಲಿ ಮಾರಿ, ಹಿಂತಿರುಗುವಾಗ ನಮ್ಮ ಹಳ್ಳಿಗೆ ಬಂದು ಅಮ್ಮನ ಕೈಯ ಮುದ್ದೆ ಉಂಡು ಹೋಗುತ್ತಿದ್ದಳು. ಅವಳು ತರುತ್ತಿದ್ದುದು ಬೆರಳುದ್ದದ ನೆತ್ತಲಿ, ದೊಡ್ಡವರ ಮನೆಗಳಲ್ಲಿ ಯಾರೂ ಕೇಳದ ಮೀನು. ಬದನೆಕಾಯಿ ಜೊತೆ ಅಮ್ಮ ಅದರ ಸಾರು ಮಾಡಿದರೆ ಅಪ್ಪ ಊಟ ಮುಗಿಯುವವರೆಗೆ ಮಾತೇ ಆಡುತ್ತಿರಲಿಲ್ಲ.

ವರ್ಷದಲ್ಲಿ ಒಂದಷ್ಟು ಕಾಲ ಮಾತ್ರ ಅತ್ತೆ ಮೀನು ಬಿಟ್ಟು ಉಪ್ಪು ಹೊತ್ತು ಬರುತ್ತಿದ್ದಳು. "ಏನೇ, ನಿಮ್ ಸಮುದ್ರ ಬತ್ತೋಯ್ತಾ?" ಎಂದು ಅಮ್ಮ ರೇಗಿಸುತ್ತಿದ್ದಳು.

"ಇವಾಗ ಮರಿಗುಳು ಇನ್ನೀರ್ಗೆ ಬತ್ತವಕ್ಕಾ. ನೀರ್ನಾಗಿರೋ ಗಿಡದ ಬೇರ್ ಸಂದೀಲಿ ಬೆಳೀತವೆ. ದೊಡ್ಡವಾಗಿ ಆಚೆ ಓಗೋಗಂಟ ನಮ್ಮೋರು ಬಲೆ ಇಳ್ಸಲ್ಲ. ನಮ್ ಕುಪ್ಪದಾಗೆ ಮರಿ ಯಾರೂ ಬಾಯ್ಗಿಕ್ಕಲ್ಲ."

ಅರವತ್ತರ ದಶಕದಲ್ಲಿ ಒಂದು ವರ್ಷ ಅವಳು ಬುಟ್ಟಿಯ ಬದಲು ಮೂಟೆ ಹೇರಿಕೊಂಡು ಬಂದಳು. ಅಮ್ಮ ಎಂದಿನಂತೆ ಮೊರ ಹಿಡಿದು ಹೋದಳು. ಅತ್ತೆ ಮೂಟೆಯ ಬಾಯಿ ಬಿಚ್ಚಲಿಲ್ಲ. "ಇದು ತಿನ್ನೋದಲ್ಲಕ್ಕಾ, ಗೊಬ್ಬರ" ಎಂದು ನೆಲ ನೋಡಿದಳು. ಅವರ ಕಡೆ ಮೋಟಾರು ದೋಣಿಗಳು ಬಂದಿದ್ದವಂತೆ. ಸಿಗಡಿಗಾಗಿ ತಳ ಬಳಿಯುವಂತೆ ಬಲೆ ಎಳೆದು, ಜೊತೆಗೆ ಬಂದ ಮರಿಗಳನ್ನೆಲ್ಲ ಮರಳಿನ ಮೇಲೆ ಸುರಿಯುತ್ತಿದ್ದರಂತೆ. ಕುಪ್ಪದವರ ಬಲೆಗೆ ಏನೂ ಬೀಳುತ್ತಿರಲಿಲ್ಲ. ಹೊಟ್ಟೆ ಕೇಳಬೇಕಲ್ಲ, ಆ ಮರಿಗಳನ್ನೇ ಒಣಗಿಸಿ ಮಾರಲು ತಂದಿದ್ದಳು.

ಅಪ್ಪನಿಗೆ ಗೊಬ್ಬರ ಎಂಬುದೊಂದೇ ಕಿವಿಗೆ ಬಿದ್ದದ್ದು. ಮೂಟೆಯನ್ನು ಕೊಂಡು ಬದನೆ ಮಡಿಗೆ ಸುರಿದ. ಮಣ್ಣು ಮುಚ್ಚುವ ಕೆಲಸ ಮಕ್ಕಳದು. ಉಗುರಿನಷ್ಟು ಮೀನು, ಸಾಸಿವೆಯಷ್ಟು ಕಣ್ಣು... ನಾತ, ನಾತ ಎಂದು ನಗುತ್ತಾ ಮುಚ್ಚಿದೆವು.

ಆ ಸಲ ಬದನೆ ಬಂತು ನೋಡಿ, ಗಿಡಗಳು ಬಾಗಿ ನೆಲ ಮುಟ್ಟಿದವು. ನಮ್ಮ ಕಡೆ ಗೊಬ್ಬರ ಕೊಟ್ಟವರಿಗೆ ಮೊದಲ ಕೊಯ್ಲಿನ ಕಾಯಿ ಕೊಡುವುದು ವಾಡಿಕೆ. ಅತ್ತೆ ಮತ್ತೆ ಬಂದಾಗ ಅಪ್ಪ ಎಳೆಯ ಕಾಯಿಗಳನ್ನೇ ಆರಿಸಿ ಅವಳ ಮಡಿಲಿಗೆ ತುಂಬಿದ.

"ಎಲ್ಲಾ ನಿನ್ ಮೀನಿನ ಕೆಲ್ಸ ಕಣಮ್ಮಾ. ಮುಂದ್ಲ ಸಲ ಎಲ್ಡು ಮೂಟೆ ತಗಂಬಾ."

ಅತ್ತೆ ಸೆರಗಿನಿಂದ ಒಂದೊಂದೇ ಕಾಯಿ ತೆಗೆದು ಜಗುಲಿಯ ಮೇಲಿಟ್ಟಳು. "ತಪ್ಪು ತಿಳ್ಕಬ್ಯಾಡಣ್ಣಾ. ಮಾರಿದ್ದೇ ಸಾಕು. ಇದ್ನ ತಿನ್ನಾಕೆ ನನ್ ಕೈಲಾಗಲ್ಲ."

ಅಪ್ಪನ ಮುಖ ಸಪ್ಪಗಾಯಿತು. ಒಲೆಯ ಮೇಲೆ ಬೇಯುತ್ತಿದ್ದುದೂ ಅದೇ ಬದನೆ. ಅಮ್ಮ ಸದ್ದಿಲ್ಲದೆ ಅದಕ್ಕೆ ತಟ್ಟೆ ಮುಚ್ಚಿದಳು. ಅತ್ತೆ ಮುದ್ದೆಯನ್ನು ಮಜ್ಜಿಗೆಯಲ್ಲಿ ಅದ್ದಿ ನುಂಗಿದಳು. ಅವಳೆದುರು ನಮಗೆ ಯಾರಿಗೂ ತಲೆ ಎತ್ತಲಾಗಲಿಲ್ಲ. ಮತ್ತೆ ಅವಳು ನಮ್ಮ ಹಳ್ಳಿಗೆ ಬರಲಿಲ್ಲ. ಅಪ್ಪ ಬೇರೆಯವರಿಂದ ಮೀನುಗೊಬ್ಬರ ತರಿಸತೊಡಗಿದ.

ಈಗ ಅವಳು ಇರುವ ವಯಸ್ಸಲ್ಲ. ಅವಳ ಕುಪ್ಪದ ಹೆಸರನ್ನು ಕೂಡ ನಾವು ಕೇಳಿಕೊಂಡಿರಲಿಲ್ಲ, ಹುಡುಕಿಕೊಂಡು ಹೋಗೋಣವೆಂದರೆ ಎಲ್ಲಿಗೆಂದು ಹೋಗುವುದು... ಇದನ್ನು ಬರೆಯುವಾಗಲೂ ನನಗೆ ನಾಚಿಕೆಯಾಗುವುದು ಬೇರೆಯದಕ್ಕೆ. ಅವಳು ಅಂಗಳ ದಾಟಿದ ಮೇಲೆ ಅಮ್ಮ ತಟ್ಟೆ ತೆಗೆದು ಆ ಸಾರನ್ನು ಬಡಿಸಿದಳು. ಎಲ್ಲರೂ ಇನ್ನೊಂದು ಸಲ ಬಡಿಸಿಕೊಂಡೆವು. ಅಷ್ಟು ರುಚಿಯಾದ ಬದನೆಕಾಯಿಯನ್ನು ನಾನು ಮತ್ತೆ ತಿಂದಿಲ್ಲ.